ಭಾನುವಾರದ ಗಾಡಿ ಪರೀಕ್ಷೆ

೧೯೮೭ರ ಜನವರಿಯಲ್ಲಿ ರಾಮಸ್ವಾಮಿಯ ಔಷಧ ಕಂಪನಿ ತನ್ನ ಲ್ಯಾಬನ್ನು ಪರೇಲಿನಿಂದ ಥಾಣೆ–ಬೇಲಾಪುರ ರಸ್ತೆಗೆ ಎತ್ತಿಕೊಂಡು ಹೋಯಿತು. ಅಲ್ಲಿಯವರೆಗೆ ಮುಲುಂಡಿನ ಮನೆಯಿಂದ ಒಂದೇ ಲೋಕಲ್ ಹಿಡಿದು ಪರೇಲಿನಲ್ಲಿ ಇಳಿಯುತ್ತಿದ್ದ ಮನುಷ್ಯ ಈಗ ಥಾಣೆಯವರೆಗೆ ಟ್ರೇನು, ಅಲ್ಲಿಂದ ಬಸ್ಸು, ಬಸ್ಸು ಬಾರದಿದ್ದರೆ ಯಾರದಾದರೂ ಟೆಂಪೋ ಎಂದು ಹೋಗಬೇಕಾಯಿತು. ಒಂದು ದಿನ ಈರುಳ್ಳಿ ಮೂಟೆಗಳ ಮೇಲೆ ಕುಳಿತು ಲ್ಯಾಬಿಗೆ ಹೋದರು. ಆ ಸಂಜೆ ಮನೆಗೆ ಬಂದವರೇ ಶರ್ಟು ಬಿಚ್ಚಿ ಬಕೆಟ್ಟಿಗೆ ಹಾಕಿ, "ವಿಮಲಾ, ಒಂದು ಕಾರು ತಗೊಂಡುಬಿಡೋಣ ಕಣೆ," ಎಂದರು.

ವಿಮಲಾ ಘಾಟ್ಕೋಪರಿನ ಒಂದು ಶಾಲೆಯಲ್ಲಿ ಭೂಗೋಳದ ಟೀಚರು. ಇಬ್ಬರೂ ಮೈಸೂರಿನವರು, ಮದುವೆಯಾಗಿ ಮುಂಬಯಿಗೆ ಬಂದು ಹದಿನೆಂಟು ವರ್ಷ. ಅವರ ಮಗಳು ಶಾಮಲಾ ಹತ್ತನೇ ಕ್ಲಾಸು. ಕಾರು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಪುಸ್ತಕ ಮುಚ್ಚಿಟ್ಟು ಬಂದಳು.

"ಅಪ್ಪಾ, ಮಾರುತಿ ತಗೋ ನಾ. ಲಾಲ್ ಕಲರ್. ಬಿಲ್ಡಿಂಗ್‌ನಲ್ಲಿ ಎಲ್ರೂ ನೋಡ್ತಾರೆ."

"ಎಲ್ಲರೂ ನೋಡೋಕ್ಕಲ್ಲಮ್ಮ, ನಾನು ಫ್ಯಾಕ್ಟರಿಗೆ ಹೋಗೋಕೆ. ಸೆಕೆಂಡ್ ಹ್ಯಾಂಡ್ ಸಾಕು. ಪೆಟ್ರೋಲ್ ಕಡಿಮೆ ಕುಡೀಬೇಕು, ಸಾಮಾನು ಎಲ್ಲಾ ಅಂಗಡೀಲಿ ಸಿಗಬೇಕು, ಮಳೇಲಿ ನಿಲ್ಲಬಾರದು. ಅಷ್ಟೇ."

ರಾಮಸ್ವಾಮಿಗೆ ಯಾವುದನ್ನೂ ಪರೀಕ್ಷೆ ಮಾಡದೆ ಒಪ್ಪುವ ಅಭ್ಯಾಸವಿರಲಿಲ್ಲ. ಔಷಧವಾದರೆ ಅವರೇ ಪರೀಕ್ಷೆ ಮಾಡುತ್ತಿದ್ದರು, ಕಾರಿಗೆ ಯಾರು? ಲ್ಯಾಬಿನಲ್ಲಿ ಜೊತೆಗಿದ್ದ ಸಂಗಪ್ಪ ದಾರಿ ಹೇಳಿದರು. ಘಾಟ್ಕೋಪರಿನಲ್ಲಿ ರಾಜೇಸಾಬ ಅಂತ ಒಬ್ಬ ಮೆಕ್ಯಾನಿಕ್ ಇದ್ದಾನೆ, ಗದಗಿನ ಕಡೆಯವನು, ಕನ್ನಡ ಮಾತಾಡುತ್ತಾನೆ. ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬೇಕು ಬೇಡ ಹೇಳಿಬಿಡುತ್ತಾನೆ. ಅವನು ಬೇಡ ಎಂದ ಗಾಡಿ ಕೊಂಡವರು ಯಾರೂ ಸುಖಪಟ್ಟಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಘಾಟ್ಕೋಪರ್ ಸ್ಟೇಷನ್ನಿನ ಹೊರಗೆ ನಿಂತಿದ್ದಾಗ, ಐವತ್ತು ದಾಟಿದ ಎತ್ತರದ ಮನುಷ್ಯನೊಬ್ಬ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಅವನ ಹಿಂದೆ ಹಸಿರು ಸೀರೆಯುಟ್ಟ ಸಣ್ಣ ಮೈಕಟ್ಟಿನ ಹೆಂಗಸು.

"ನಮ್ಮ ಮನಿಯಾಕಿ, ದೌಲತಬಿ," ಎಂದ ರಾಜೇಸಾಬ, ಬೀದಿಯ ಆಚೆಗೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ. "ಐತವಾರ ಮನ್ಯಾಗ ಕುಂತು ಬ್ಯಾಸರ ಆಗತೈತಂತ. ಗಾಡ್ಯಾಗ ತಿರಗಾಡಿ ಬರ್ತಾಳ್ರಿ."

ರಾಮಸ್ವಾಮಿಗೆ ಇದು ಅಷ್ಟು ಸರಿಕಾಣಲಿಲ್ಲ. ವಿಮಲಾಳಿಗೆ ಮಾತಿಗೆ ಜೊತೆ ಸಿಕ್ಕಿತೆಂದು ಸಂತೋಷವಾಯಿತು. ಆದರೆ ದೌಲತಬಿ ಹೆಚ್ಚು ಮಾತಾಡುವವಳಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದಳು.

ಮೊದಲ ಗಾಡಿ ಚೆಂಬೂರಿನಲ್ಲಿ. ಮಾಲೀಕರು ಅದಕ್ಕೆ ಹೊಸ ಸೀಟ್ ಕವರು, ಹೊಸ ಹಾರ್ನು, ಮುಂದುಗಡೆ ಒಂದು ಪುಟ್ಟ ಫ್ಯಾನು ಎಲ್ಲ ಹಾಕಿಸಿದ್ದರು. ರಾಜೇಸಾಬ ಸ್ಟಿಯರಿಂಗ್ ಹಿಡಿದ, ಪಕ್ಕದಲ್ಲಿ ರಾಮಸ್ವಾಮಿ, ಹಿಂದೆ ಹೆಂಗಸರಿಬ್ಬರು. ಗಾಡಿ ಚೆನ್ನಾಗಿಯೇ ಓಡಿತು. ರೈಲ್ವೆ ಗೇಟಿನವರೆಗೆ ಹೋಗಿ ತಿರುಗಿ ಬಂದದ್ದಾಯಿತು. ಇಳಿಯುತ್ತಲೇ ರಾಜೇಸಾಬ ತಲೆಯಾಡಿಸಿದ.

"ಬ್ಯಾಡ್ರಿ ಸರ್. ಹೊರಗ ಶೃಂಗಾರ ಐತಿ, ಒಳಗ ಇಂಜಿನ್ ಕೆಮ್ಮಾಕತ್ತೈತಿ."

ಎರಡನೆಯದು ಸಾಯನ್ನಿನಲ್ಲಿ, ಅದೂ ಬೇಡ. ಮೂರನೆಯದು ಮಾಟುಂಗಾದಲ್ಲಿ ಒಂದು ಅಂಬಾಸಡರ್. ಅದಕ್ಕೆ ರಾಜೇಸಾಬ, "ಇಂಜಿನ್ ಚಲೋ ಐತ್ರಿ," ಎಂದ. ಆದರೆ ಅಷ್ಟು ದೊಡ್ಡ ಗಾಡಿ ಕುಡಿಯುವ ಪೆಟ್ರೋಲಿಗೆ ಕಂಪನಿಯ ಭತ್ಯೆ ಹದಿನೈದು ದಿನಕ್ಕೂ ಸಾಲದು ಎಂದು ರಾಮಸ್ವಾಮಿಯೇ ಬಿಟ್ಟರು.

ವಿಮಲಾ ಮಾತ್ರ ಗಾಡಿಗಳನ್ನು ನೋಡುತ್ತಿರಲಿಲ್ಲ. ಚೆಂಬೂರಿನ ಗಾಡಿಯಲ್ಲಿ ಅವಳಿಗೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ರಾಜೇಸಾಬ ಒಳಗಿನ ಕನ್ನಡಿಯಲ್ಲಿ ಪದೇಪದೇ ನೋಡುತ್ತಿದ್ದ. ಹಿಂದೆ ಬರುವ ಬಸ್ಸನ್ನಲ್ಲ, ಹೆಂಡತಿಯ ಮುಖವನ್ನು. ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ಎಂದುಕೊಂಡಳು. ಆಮೇಲೆ ದೌಲತಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಎರಡು ನಿಮಿಷಕ್ಕೆ ಗಾಡಿ ಬೇಡವಾಯಿತು. ಸಾಯನ್ನಿನಲ್ಲೂ ಸೆರಗು ತಲೆಗೆ ಏರಿತು, ಆ ಗಾಡಿಯೂ ಬೇಡವಾಯಿತು. ಮಾಟುಂಗಾದಲ್ಲಿ ಸೆರಗು ಹೆಗಲ ಮೇಲೇ ಉಳಿಯಿತು.

ಹದಿನೆಂಟು ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಓಡಾಡಿದವಳು ವಿಮಲಾ. ಪೆನ್ಸಿಲ್ ಬೀಳಿಸುವವರು, ಎರಡು ಸಲ ಕೆಮ್ಮುವವರು, ಕಿವಿ ತುರಿಸಿಕೊಳ್ಳುವವರು, ಎಲ್ಲರನ್ನೂ ನೋಡಿದ್ದಳು. ಇದೂ ಅಂಥದೇ ಸನ್ನೆ ಎಂದು ತಿಳಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ. ಯಾಕೆ ಎನ್ನುವುದು ಮಾಟುಂಗಾದ ಚಹಾ ಅಂಗಡಿಯ ಮುಂದೆ ತಿಳಿಯಿತು. ಬೆನ್ನ ಹಿಂದೆ ಡಬಲ್ ಡೆಕ್ಕರ್ ಬಸ್ಸು ಹಾರ್ನ್ ಹೊಡೆದಾಗ ಮೂವರೂ ಬೆಚ್ಚಿ ಪಕ್ಕಕ್ಕೆ ಸರಿದರು. ರಾಜೇಸಾಬ ನಿಶ್ಚಿಂತೆಯಿಂದ ಚಹಾ ಕುಡಿಯುತ್ತ ನಿಂತಿದ್ದ. ದೌಲತಬಿ ಅವನ ತೋಳು ಹಿಡಿದು ಎಳೆದಳು, ಹಾಗೆ ಎಳೆಯುವುದು ದಿನದ ಕೆಲಸವೆಂಬಂತೆ.

ವಿಮಲಾ ಗಂಡನಿಗೆ ಏನೂ ಹೇಳಲಿಲ್ಲ. ಹೇಳಿದರೆ ಅವರು ಕಿವುಡ ಮೆಕ್ಯಾನಿಕ್ ಬೇಡ ಎಂದಾರು ಎಂಬ ಹೆದರಿಕೆ ಒಂದು. ಆ ಹೆಂಗಸಿನ ಜಾಣತನ ಹಿಡಿಸಿತ್ತೆನ್ನುವುದು ಇನ್ನೊಂದು.

ಅದರ ಮುಂದಿನ ಭಾನುವಾರ ರಾಜೇಸಾಬ ಒಬ್ಬನೇ ಬಂದ. ದೌಲತಬಿ ತಂಗಿಯ ಕೂಸನ್ನು ನೋಡಲೆಂದು ಕಲ್ಯಾಣಕ್ಕೆ ಹೋಗಿದ್ದಳು. "ಸಂಜಿಗೆ ಬರ್ತಾಳ್ರಿ," ಎಂದ. ಮುಖದಲ್ಲಿ ಹಿಂದಿನ ವಾರದ ಗೆಲುವು ಇರಲಿಲ್ಲ.

ದಾದರಿನಲ್ಲಿ ಪ್ರಧಾನ್ ಎಂಬ ನಿವೃತ್ತ ಇಂಜಿನಿಯರ್ ಕಣ್ಣು ಮಂಜಾಗಿ ಗಾಡಿ ಓಡಿಸುವುದನ್ನು ಬಿಟ್ಟಿದ್ದರು. ಅವರದು ಎಂಟು ವರ್ಷದ ಫಿಯಟ್, ಒಬ್ಬರೇ ಓಡಿಸಿದ್ದು, ತಿಳಿ ಹಸಿರು ಬಣ್ಣ. ರಾಮಸ್ವಾಮಿಗೆ ನೋಡಿದ ಕೂಡಲೇ ಹಿಡಿಸಿತು. ಆಯಿಲ್ ಕಡ್ಡಿ ತೆಗೆದು ಮೂಸಿದರು, ಟೈರು ಒತ್ತಿದರು, ಡಿಕ್ಕಿಯಲ್ಲಿ ತಲೆ ಹಾಕಿದರು. ರಾಜೇಸಾಬ ಶಿವಾಜಿ ಪಾರ್ಕ್ ಸುತ್ತ ಒಂದು ಸುತ್ತು ಓಡಿಸಿದ. ಆಮೇಲೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸದೆ, ಬಾನೆಟ್ ಮೇಲೆ ಎರಡೂ ಅಂಗೈ ಊರಿ ಬಹಳ ಹೊತ್ತು ನಿಂತ. ವೈದ್ಯರು ಮಗುವಿನ ಹೊಟ್ಟೆ ಮುಟ್ಟಿ ನೋಡುವ ಹಾಗೆ.

"ಚಲೋ ಐತ್ರಿ ಸರ್. ತಗೋರಿ," ಎಂದ ಕೊನೆಗೆ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

ರಾಮಸ್ವಾಮಿ ಮುಂಗಡದ ಲಕೋಟೆಗೆಂದು ಜೇಬಿಗೆ ಕೈಹಾಕಿದರು. ಆದರೆ ಈ ಗಾಡಿಯ ಸದ್ದನ್ನು ದೌಲತಬಿ ಕೇಳಿರಲಿಲ್ಲ. ವಿಮಲಾ ತೋಚಿದ್ದನ್ನು ಹೇಳಿಬಿಟ್ಟಳು.

"ನನಗೆ ಬಣ್ಣ ಹಿಡಿಸಲಿಲ್ಲ ಕಣ್ರೀ."

ರಾಮಸ್ವಾಮಿಯ ಕೈ ಜೇಬಿನಲ್ಲೇ ನಿಂತಿತು. ಹದಿನೆಂಟು ವರ್ಷದಲ್ಲಿ ಈಕೆ ಪರದೆ ಬಟ್ಟೆಗೂ ಬಣ್ಣ ಆರಿಸಿದವಳಲ್ಲ. ಪ್ರಧಾನರಿಗೆ ಅದನ್ನು ಹಿಂದಿಯಲ್ಲಿ ತಿಳಿಸಬೇಕಾಯಿತು. ಆ ಬಣ್ಣವನ್ನು ತಮ್ಮ ಹೆಂಡತಿ ಆರಿಸಿದ್ದೆಂದು ಅವರು ನಯವಾಗಿಯೇ ಹೇಳಿದರು. ವಿಮಲಾಳಿಗೆ ನೆಲದೊಳಗೆ ಇಳಿದುಹೋಗಬೇಕೆನಿಸಿತು. ನಾಲ್ಕು ದಿನ ಯೋಚಿಸಿ ಹೇಳುತ್ತೇವೆ ಎಂದು ರಾಮಸ್ವಾಮಿ ಅಲ್ಲಿಂದ ಹೊರಡಿಸಿಕೊಂಡು ಬಂದರು.

ಮರುದಿನ ಶಾಲೆ ಬಿಟ್ಟ ಕೂಡಲೇ ವಿಮಲಾ ರಾಜೇಸಾಬನ ಗ್ಯಾರೇಜು ಹುಡುಕಿಕೊಂಡು ಹೋದಳು. ತಗಡಿನ ಶೆಡ್ಡು, ಅದರ ಹಿಂದೆ ಹಲಗೆಯ ಗೋಡೆ, ಗೋಡೆಯ ಆಚೆ ಅವರ ಮನೆ. ದೌಲತಬಿ ಒಳಗೆ ಕರೆದು ಚಹಾಕ್ಕೆ ನೀರಿಟ್ಟಳು. ವಿಮಲಾ ಮಾತು ಹೇಗೆ ಶುರುಮಾಡುವುದೆಂದು ಯೋಚಿಸುತ್ತಿರುವಾಗಲೇ ರಾಜೇಸಾಬ ಕೈ ಒರೆಸಿಕೊಳ್ಳುತ್ತ ಬಂದು ಎದುರು ಕುಳಿತ.

"ಬಾಯಾರ, ನಿನ್ನಿ ನಾ ತಪ್ಪ ಮಾಡಿದೆ. ಗಾಡಿ ಚಲೋ ಐತೋ ಇಲ್ಲೋ ನನಗ ಖರೇನ ಗೊತ್ತಿಲ್ಲ. ಕೈಗೆ ಚಲೋ ಅನಿಸ್ತು. ಕಿವಿಗೆ ಏನೂ ಅನಿಸಲಿಲ್ಲ. ನಾಕು ವರ್ಷ ಆತು, ಅನಿಸೂದ ನಿಂತೈತಿ. ಮದಲ ಡೆಂಟಿಂಗ್ ಮಾಡತಿದ್ನಲ್ಲ, ಇಪ್ಪತ್ತು ವರ್ಷ ತಗಡ ಬಡದು ಬಡದು ಹಿಂಗಾತು. ರಾತ್ರಿ ಊಟ ಹೋಗಲಿಲ್ಲ. ಇವತ್ತು ಸಂಜಿಗೆ ನಿಮ್ಮ ಮನಿಗೆ ಬಂದು ಹೇಳಬೇಕಂತ ಮಾಡಿದ್ದೆ."

ವಿಮಲಾ ದೌಲತಬಿಯ ಕಡೆ ನೋಡಿದಳು. "ಕೇಳೋರು ನೀವು ಅಂತ ನನಗೆ ಮೊದಲನೇ ಭಾನುವಾರವೇ ಗೊತ್ತಾಯ್ತು."

ದೌಲತಬಿಯ ಕೈಯಲ್ಲಿದ್ದ ಸಕ್ಕರೆ ಡಬ್ಬಿ ಅಲ್ಲೇ ನಿಂತಿತು. "ಹೆಂಗ್ರಿ?"

"ಸೆರಗಿನಿಂದ. ನಮ್ಮ ಶಾಲೆ ಮಕ್ಕಳು ನಿಮ್ಮ ಹತ್ರ ಕಲೀಬೇಕು."

ದೌಲತಬಿ ಮೊದಲು ನಾಚಿಕೊಂಡಳು, ಆಮೇಲೆ ನಕ್ಕಳು. ನಗು ಬಂದ ಮೇಲೆ ಮಾತೂ ಬಂತು. "ಈ ಹಲಗಿ ಗ್ವಾಡಿ ನೋಡ್ರಿ. ಇತ್ತಾಗ ನಾ ರೊಟ್ಟಿ ಬಡೀತಿದ್ದೆ, ಅತ್ತಾಗ ಇಂಜಿನ್ ಒದರತಿತ್ತು. ಇವರು ಗಿರಾಕಿಗೆ ಇದು ಬೇರಿಂಗ್ ಸಪ್ಪಳ, ಇದು ಟ್ಯಾಪೆಟ್ ಸಪ್ಪಳ ಅಂತ ಹೇಳೂದು ಕೇಳಿ ಕೇಳಿ ನನಗ ಪಾಠ ಆತು. ಆದ್ರ ರೊಟ್ಟಿ ಬಡಿಯೂ ಹೆಂಗಸು ಇಂಜಿನ್ ಸುದ್ದಿ ಹೇಳಿದ್ರ ಯಾರ್ ನಂಬತಾರ್ರಿ? ಇವರಿಗೆ ಕಿವಿ ಕೇಳಂಗಿಲ್ಲ ಅಂತ ತಿಳದ್ರ ಯಾರ್ ಬರತಾರ? ಅದಕ್ಕ ಹಿಂಗ ಮಾಡಿದ್ವಿ."

"ನಮ್ಮೆಜಮಾನರಿಗೆ ನಾನು ಹೇಳ್ತೀನಿ," ಎಂದಳು ವಿಮಲಾ. "ನೀವು ಭಾನುವಾರ ಬನ್ನಿ. ಹಿಂದಿನ ಸೀಟಲ್ಲಿ ಬೇಡ, ಮುಂದೇ ಕೂತ್ಕೊಳ್ಳಿ."

ರಾತ್ರಿ ಊಟಕ್ಕೆ ಕುಳಿತಾಗ ವಿಮಲಾ ಎಲ್ಲವನ್ನೂ ಹೇಳಿದಳು. ರಾಮಸ್ವಾಮಿ ಸಾರನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು. ಅವರು ಸಿಟ್ಟಾಗುತ್ತಾರೆಂದು ಅವಳು ಅಂದುಕೊಂಡಿದ್ದಳು.

"ನಮ್ಮ ಲ್ಯಾಬಲ್ಲಿ ದೇಸಾಯಿ ಇದಾನಲ್ಲ, ಅವನಿಗೆ ಮೂಗಿಗೆ ವಾಸನೇನೇ ಬರಲ್ಲ," ಎಂದರು. "ಶೀಶೆ ಮೂಸಿ ಹೇಳೋದು ಅವನ ಪಕ್ಕದ ಮೇಜಿನ ಮೇರಿ. ರಿಪೋರ್ಟ್ ಬರೆಯೋದು ಅವನು. ಒಂದು ರಿಪೋರ್ಟೂ ತಪ್ಪಾಗಿಲ್ಲ." ಆಮೇಲೆ ಕೇಳಿದರು, "ಹಾಗಾದ್ರೆ ಆ ಹಸಿರು ಬಣ್ಣ ನಿನಗೆ ಹಿಡಿಸಿತ್ತಾ?"

"ಚೆನ್ನಾಗೇ ಇತ್ತು."

"ಆ ಪ್ರಧಾನರ ಮುಂದೆ ಇನ್ನೊಂದು ಸಲ ಹೋಗಿ ನಿಲ್ಲಬೇಕಲ್ಲೇ."

ಶಾಮಲಾ ಬಿದ್ದು ಬಿದ್ದು ನಕ್ಕಳು. ಮುಂದಿನ ಭಾನುವಾರ ನಾನೂ ಬರುತ್ತೇನೆ ಎಂದು ಅಲ್ಲೇ ಹಟ ಹಿಡಿದಳು.

ಹೀಗಾಗಿ ಐದು ಜನ ದಾದರಿಗೆ ಹೋದರು. ಪ್ರಧಾನರು ಬಾಗಿಲು ತೆಗೆದು ವಿಮಲಾಳನ್ನು ನೋಡಿ, "ಬಣ್ಣ ಬದಲಾಗಿಲ್ಲಮ್ಮ," ಎಂದರು ಹಿಂದಿಯಲ್ಲಿ. ವಿಮಲಾ ತನ್ನ ಬಳಿ ಇದ್ದ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, ಬಣ್ಣದ ದೋಷವಲ್ಲ, ತಾನು ಅವತ್ತು ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ, ಕ್ಷಮಿಸಬೇಕು ಎಂದಳು. ಅವರು ನಕ್ಕು ಕೀಲಿಕೈ ಕೊಟ್ಟರು.

ದೌಲತಬಿ ಮುಂದಿನ ಸೀಟಿನಲ್ಲಿ ಕುಳಿತಳು. ಬೇರೆಯವರೆದುರು ಗುಟ್ಟಿಲ್ಲದೆ ಈ ಕೆಲಸ ಮಾಡುತ್ತಿದ್ದುದು ಅದೇ ಮೊದಲು. ಕೈ ಎರಡನ್ನೂ ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ಗಾಡಿ ಶಿವಾಜಿ ಪಾರ್ಕ್ ದಾಟಿ ಮಾಹಿಮಿನ ಕಡೆ ಹೊರಟಿತು. ಅವಳು ಕೈ ಎತ್ತಿದರೆ ರಾಜೇಸಾಬ ಗೇರ್ ಬದಲಿಸುವನು, ಕೈ ಇಳಿಸಿದರೆ ವೇಗ ತಗ್ಗಿಸುವನು. ಹಿಂದೆ ರಾಮಸ್ವಾಮಿ, ವಿಮಲಾ, ಶಾಮಲಾ ಮೂವರೂ ಅವಳ ಕೈಯನ್ನೇ ನೋಡುತ್ತ ಕುಳಿತಿದ್ದರು. ಆ ಮೂವರಿಗೂ ಗಾಡಿಯ ಸದ್ದು ಕೇಳುತ್ತಿತ್ತು, ಅರ್ಥವಾಗುತ್ತಿದ್ದುದು ದೌಲತಬಿ ಒಬ್ಬಳಿಗೆ.

ತಿರುಗಿ ಬಂದ ಮೇಲೆ ಅವಳು ಬಾನೆಟ್ ತೆಗೆಸಿ, ಸೆರಗು ಕಿವಿಯ ಹಿಂದಕ್ಕೆ ಸರಿಸಿ, ಬಗ್ಗಿ ಕೇಳಿದಳು. ಪ್ರಧಾನರೂ ಹೊರಗೆ ಬಂದು ನೋಡುತ್ತಿದ್ದರು.

"ಟ್ಯಾಪೆಟ್ ಸ್ವಲ್ಪ ಸಡಲ ಐತ್ರಿ," ಎಂದಳು ರಾಮಸ್ವಾಮಿಗೆ, ಮೊದಲ ಸಲ ನೇರವಾಗಿ ಅವರ ಮುಖ ನೋಡಿ. "ಅರ್ಧಾ ತಾಸಿನ ಕೆಲಸ. ಸೈಲೆನ್ಸರ್ ಈ ವರ್ಷ ಹೋಗತೈತಿ, ಅದನ್ನ ಹೊಸಾದು ಹಾಕಿಸಬೇಕು. ಇಂಜಿನ್ ಮಾತ್ರ ಭಾಳ ಚಲೋ ಐತ್ರಿ. ಇವರು ಕಾಳಜಿಲೆ ಇಟ್ಟಾರ." ಆಮೇಲೆ ಗಂಡನ ಕಿವಿಯ ಹತ್ತಿರ ಹೋಗಿ, ಇಡೀ ಓಣಿಗೆ ಕೇಳುವಂತೆ, "ನಿಮ್ಮ ಕೈಗೆ ಸರೀನ ಅನಿಸಿತ್ತು. ಗಾಡಿ ಚಲೋ ಐತಿ," ಎಂದಳು.

ರಾಜೇಸಾಬ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಬೇಕಿಲ್ಲದಿದ್ದರೂ ಟೈರುಗಳನ್ನು ನೋಡುತ್ತ ಗಾಡಿಯ ಆಚೆ ಬದಿಗೆ ಹೋಗಿ ನಿಂತ.

ವ್ಯವಹಾರ ಅಲ್ಲೇ ಮುಗಿಯಿತು. ಮುಂದಿನ ಎರಡು ತಿಂಗಳು ರಾಮಸ್ವಾಮಿ ಡ್ರೈವಿಂಗ್ ಕಲಿತರು. ಜೊತೆಗೆ, ಯಾರೂ ಕೇಳದಿದ್ದರೂ, ವಿಮಲಾಳೂ ಕಲಿತಳು. ಮೊದಲ ಸಲಕ್ಕೆ ಲೈಸೆನ್ಸ್ ಸಿಕ್ಕಿದ್ದು ಅವಳಿಗೇ. ಮಾರ್ಚ್ ಕೊನೆಯಿಂದ ತಿಳಿ ಹಸಿರು ಫಿಯಟ್ ಮುಲುಂಡಿನಿಂದ ಕಳವಾ ದಾಟಿ ಫ್ಯಾಕ್ಟರಿಗೆ ದಿನವೂ ಹೋಗಿ ಬರತೊಡಗಿತು. ಥಾಣೆಯಲ್ಲಿ ಸಂಗಪ್ಪ ಹತ್ತಿಕೊಳ್ಳುತ್ತಿದ್ದರು. ಲೀಟರಿಗೆ ಹನ್ನೆರಡು ಕಿಲೋಮೀಟರ್ ಬರುತ್ತದೆಂದು ರಾಮಸ್ವಾಮಿ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಹೇಳಿದರು, ಕೇಳಿದವರಿಗೂ ಕೇಳದವರಿಗೂ.

ಮಳೆಗಾಲ ಶುರುವಾಗುವ ಮೊದಲು ಕೆಳಗಿನ ಮನೆಯ ನೀಲಕಂಠಪ್ಪನವರು ತಾವೂ ಒಂದು ಹಳೆಯ ಗಾಡಿ ನೋಡುತ್ತಿದ್ದೇವೆಂದು, ಆ ಮೆಕ್ಯಾನಿಕ್ಕಿನ ವಿಳಾಸ ಕೇಳಲು ಬಂದರು. ರಾಮಸ್ವಾಮಿ ಚೀಟಿಯಲ್ಲಿ ಬರೆದುಕೊಟ್ಟರು.

ನೀಲಕಂಠಪ್ಪ ಓದಿ ಕನ್ನಡಕ ಸರಿಮಾಡಿಕೊಂಡರು. "ಇದೇನ್ರೀ, ದೌಲತಬಿ, ರಾಜೇಸಾಬ ಗ್ಯಾರೇಜ್ ಅಂತ ಬರ್ದಿದೀರಿ. ಹೆಂಗಸಿನ ಹೆಸರು ಮೊದಲು?"

"ಬೋರ್ಡಲ್ಲಿ ಈಗ ಹಾಗೇ ಇದೆ," ಎಂದಳು ವಿಮಲಾ, ಒಳಗಿನಿಂದ ಕಾಫಿ ತರುತ್ತ. "ಭಾನುವಾರ ಬೇಗ ಹೋಗಿ. ಒಂಬತ್ತಾದ ಮೇಲೆ ಹೋದ್ರೆ ಸಾಲು ನಿಲ್ಲಬೇಕಾಗುತ್ತೆ."