ರೆಕ್ಕೆ ಸುರುಳಿಯಾದ ನೊಣ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಅಕ್ಕ ಹೇಳುತ್ತಾಳೆ. ಇರಲಿ ಬಿಡಿ. ನನ್ನ ಜಾಗದಲ್ಲಿ ಅವಳಿದ್ದಿದ್ದರೆ ಗಂಡನ ಜುಟ್ಟು ಹಿಡಿದು ಎಳೆದಾಡಿರುತ್ತಿದ್ದಳು. ನಾನು ಅವಳ ಗಂಡನಿಗೆ ಬಾಯಿಗೆ ಬಂದಂತೆ ಬೈದೆ, ಅಷ್ಟೇ.

ನನ್ನ ಕೆಲಸ ಹಣ್ಣಿನ ನೊಣದ ಭ್ರೂಣ ನೋಡುವುದು. ಸಾಸಿವೆಗಿಂತ ಚಿಕ್ಕದು. ಅದರ ಚರ್ಮದಡಿ ಹುಟ್ಟುವ ಸ್ಪರ್ಶದ ನರಕೋಶ ಒಂದು ಎಳೆ ಚಾಚಿ, ಒಳಗಿರುವ ನರಹುರಿಯನ್ನು ಹೋಗಿ ಮುಟ್ಟಬೇಕು. ದಾರಿ ತೋರಿಸುವುದು ಜೀನ್‌ಗಳು. ಅಂಥದ್ದೊಂದು ಜೀನ್ ಕೆಟ್ಟರೆ ಎಳೆ ಅರ್ಧ ದಾರಿಯಲ್ಲೇ ನಿಂತು ಬೆನ್ನಿನ ಕಡೆಗೆ ತಿರುಗಿಬಿಡುತ್ತದೆ ಅಂತ ನಾನು ಪ್ರಬಂಧ ಬರೆದೆ. ಬೇರೆ ಪ್ರಯೋಗಾಲಯದವರು ತಮಗೇನೂ ಕಾಣಲಿಲ್ಲ ಅಂದರು. ಕೂಡಲೇ ನಮ್ಮ ನಿರ್ದೇಶಕರು ನನ್ನನ್ನು ಕರೆಸಿದರು. ಹೆಸರು ಮುಚ್ಚಿದ ಎರಡು ಸ್ಲೈಡ್ ಕೊಡುತ್ತಾರಂತೆ. ಒಂದರಲ್ಲಿ ಮಾಮೂಲಿ ಭ್ರೂಣ, ಇನ್ನೊಂದರಲ್ಲಿ ನನ್ನ ಕೆಟ್ಟ ಜೀನಿನ ತಳಿಯವು. ಯಾವುದು ಯಾವುದೆಂದು ನಾನು ಗುರುತಿಸಬೇಕು. ಆಗದಿದ್ದರೆ ಪ್ರಬಂಧ ವಾಪಸ್, ನನ್ನ ಕೆಲಸಕ್ಕೂ ಎಳ್ಳುನೀರು.

ನನ್ನ ನೊಣಗಳ ಸೀಸೆ ಪಡೆದು, ಮೊಟ್ಟೆ ಇಡಿಸಿ ಸ್ಲೈಡ್ ತಯಾರಿಸಲು ಅವರು ಆರಿಸಿದ್ದು ನನ್ನ ಭಾವನನ್ನು. ಅಕ್ಕನ ಗಂಡ, ಕೆಳಗಿನ ಮಹಡಿಯಲ್ಲಿ ಕೋಳಿಮೊಟ್ಟೆಯ ಭ್ರೂಣಗಳ ಮೇಲೆ ಕೆಲಸ ಮಾಡುವವರು. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ ಅನ್ನುವುದು ಇಡೀ ಕಟ್ಟಡಕ್ಕೆ ಗೊತ್ತು. ನನ್ನ ಪರ ವಹಿಸುವ ಮಾತೇ ಇಲ್ಲ ಅಂತ ನಿರ್ದೇಶಕರ ಲೆಕ್ಕ.

ಆ ಬೆಳಿಗ್ಗೆ ಸೂಕ್ಷ್ಮದರ್ಶಕದ ಮುಂದೆ ಕೂತೆ. ನಿರ್ದೇಶಕರು ನನ್ನ ಹೆಗಲ ಹಿಂದೆ, ಭಾವ ಬಾಗಿಲ ಹತ್ತಿರ. ಮೊದಲ ಸ್ಲೈಡಿನಲ್ಲಿ ಬಣ್ಣ ಹಿಡಿದ ನರಗಳೆಲ್ಲ ಬಾಚಿದ ಕೂದಲಿನ ಹಾಗೆ ನೆಟ್ಟಗೆ ಒಳಗೆ ಇಳಿದಿದ್ದವು. ಸರಿ, ನನ್ನವು ಎರಡನೆಯದರಲ್ಲಿವೆ ಅಂದುಕೊಂಡೆ. ಅದನ್ನಿಟ್ಟೆ. ಅಲ್ಲೂ ನೆಟ್ಟಗೆ. ನಾಲ್ಕು ಭ್ರೂಣಗಳಲ್ಲಿ ಒಂದರಲ್ಲಾದರೂ ಎಳೆ ದಾರಿ ತಪ್ಪಿರಬೇಕಿತ್ತು. ಒಂದೂ ಇಲ್ಲ.

ಸುಮ್ಮನೆ ಎರಡನೆಯದು ಅಂದುಬಿಡಬಹುದಿತ್ತು. ಇರುವುದೇ ಎರಡು, ಅದೃಷ್ಟವಿದ್ದರೆ ಬಚಾವ್. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ದಾರಿ ತಪ್ಪದ ನರವನ್ನು ತಪ್ಪಿದೆ ಅನ್ನುವುದು ನನ್ನ ಕೈಲಾಗಲಿಲ್ಲ.

"ಎರಡೂ ಮಾಮೂಲಿ ಭ್ರೂಣಗಳೇ," ಅಂದೆ.

ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಗಾದರೆ ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳುವ ಪತ್ರ ತಯಾರಿಸಿ ಅಂತ ಹೇಳಿ ಹೊರಟರು. ಭಾವನ ಮುಖ ಬಿಳಿಚಿಕೊಂಡಿತ್ತು.

ನಾನು ಭಾವನನ್ನು ನೊಣ ಸಾಕುವ ಕೋಣೆಗೆ ಎಳೆದುಕೊಂಡೇ ಹೋದೆ. ಏನು ಆಟ ಆಡಿದಿರಿ, ನನ್ನ ಅನ್ನಕ್ಕೆ ಮಣ್ಣು ಹಾಕಿ ನಿಮಗೇನು ಸಿಕ್ಕಿತು, ಅಕ್ಕನಿಗೆ ಯಾವ ಮುಖ ತೋರಿಸುತ್ತೀರಿ ಅಂತ ಇದ್ದದ್ದು ಇಲ್ಲದ್ದು ಎಲ್ಲ ಅಂದೆ. ಎಲ್ಲ ಮುಗಿದ ಮೇಲೆ ಅವರು ಮೆಲ್ಲಗೆ ಬಾಯಿಬಿಟ್ಟರು.

"ನಿನ್ನ ಸೀಸೆಯಲ್ಲಿ ಸುಮಾರು ನೊಣಗಳ ರೆಕ್ಕೆ ಸುರುಳಿ ಸುತ್ಕೊಂಡಿತ್ತಮ್ಮ. ರೋಗ ಅನ್ಕೊಂಡೆ. ನಿನ್ನ ಪರೀಕ್ಷೆ ಕೆಡಬಾರದು ಅಂತ ರೆಕ್ಕೆ ನೆಟ್ಟಗಿರೋದನ್ನ ಮಾತ್ರ ಆರಿಸಿ ಮೊಟ್ಟೆ ಇಡೋಕೆ ಬಿಟ್ಟೆ. ನೀನು ಗೆಲ್ಲಬೇಕು ಅಂತಾನೇ ಮಾಡಿದ್ದು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು. ಕೆಟ್ಟ ಜೀನ್ ತಾಯಿ ತಂದೆ ಎರಡೂ ಕಡೆಯಿಂದ ಬಂದ ಭ್ರೂಣ ಮೊಟ್ಟೆಯಲ್ಲೇ ಸಾಯುತ್ತದೆ. ಹಾಗಾಗಿ ಅದನ್ನು ಒಂದು ಕಡೆಯಿಂದ ಮಾತ್ರ ಹೊತ್ತ ನೊಣಗಳಲ್ಲೇ ತಳಿ ಉಳಿಸಿಕೊಳ್ಳಬೇಕು. ಅವುಗಳ ಗುರುತೇ ಆ ಸುರುಳಿ ರೆಕ್ಕೆ: ಜೋಡಿಯ ಒಂದು ವರ್ಣತಂತುವಿನಲ್ಲಿ ಕೆಟ್ಟ ಜೀನ್, ಇನ್ನೊಂದರಲ್ಲಿ ರೆಕ್ಕೆ ಸುರುಳಿ ಮಾಡುವ ಜೀನ್. ನೆಟ್ಟಗಿದ್ದವು ಎಂದೋ ಹತ್ತಿಯ ಬಿರಡೆ ಸಡಿಲವಾದಾಗ ಪಕ್ಕದ ಸೀಸೆಯಿಂದ ನುಗ್ಗಿ ಸಂಸಾರ ಹೂಡಿದ ಅತಿಥಿಗಳು. ಕೋಳಿಮೊಟ್ಟೆಯವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಹೇಳಬೇಕಾದವಳು ನಾನು, ಮುನಿಸಿನಲ್ಲಿ ಸೀಸೆಯನ್ನು ಅವರ ಮೇಜಿನ ಮೇಲೆ ಕುಕ್ಕಿ ಬಂದಿದ್ದೆ.

"ಸುರುಳಿ ಇದ್ದವು ಎಲ್ಲಿ?"

ಸ್ಪಿರಿಟ್ ಸೀಸೆಗೆ ಹಾಕಿಬಿಟ್ಟರಂತೆ. ಸತ್ತು ತಳದಲ್ಲಿ ಕೂತಿದ್ದವು. ನಾನು ಜೋಪಾನಕ್ಕೆಂದು ಇನ್ನೊಂದು ಸೀಸೆಯಲ್ಲಿಟ್ಟಿದ್ದ ತಳಿ ಮೊದಲೇ ಬೂಷ್ಟು ಹಿಡಿದು ಹೋಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನಗೆ ಅಳು ಬಂತು, ಅವರೆದುರು ಅಳಬಾರದು ಅಂತ ಇನ್ನೂ ಸಿಟ್ಟು ಬಂತು. ಆಮೇಲೆ ಹೊಳೆಯಿತು: ನಾನು ಕೊಟ್ಟಿದ್ದ ಹಳೆಯ ಸೀಸೆಯ ಗಾಜಿಗೆ ಅಂಟಿಕೊಂಡ ಗೂಡುಗಳು, ಒಳಗೆ ಇನ್ನೂ ಹೊರಬರದ ನೊಣಗಳು.

ಸೀಸೆ ತೊಳೆಯುವ ಕೋಣೆಗೆ ಹೋಗಿತ್ತು. ಇಬ್ಬರೂ ಮೆಟ್ಟಿಲಿಳಿದು ಓಡಿದೆವು. ತೊಳೆಯುವಾಕೆ ಬಿಸಿನೀರಿನ ಕೊಳಾಯಿ ತಿರುಗಿಸುತ್ತಿದ್ದಳು. ಭಾವ ಸೀಸೆಗಳಿದ್ದ ತಟ್ಟೆಯನ್ನೇ ಕಿತ್ತುಕೊಂಡರು, ಅಂಗೈ ಸುಟ್ಟುಕೊಂಡರು. ಸೀಸೆ ಸಿಕ್ಕಿತು. ಒಳಗೆ ಗಾಜಿನ ಮೇಲೆ ಕಂದು ಗೂಡುಗಳು ಬೆರಳೆಣಿಕೆಯಷ್ಟು.

ಕಾದೆವು. ಭಾವ ಊಟಕ್ಕೂ ಏಳಲಿಲ್ಲ. ಮೊದಲ ನೊಣ ಹೊರಬಂದಾಗ ಅದರ ರೆಕ್ಕೆ ಒದ್ದೆಯಾಗಿ ಮುದುಡಿತ್ತು. ಅವರು ಹಿಗ್ಗಿ ನನ್ನ ತೋಳು ಹಿಡಿದರು. ಹುಟ್ಟಿದಾಗ ಎಲ್ಲವೂ ಹೀಗೇ, ರೆಕ್ಕೆ ಬಿಚ್ಚುವ ತನಕ ಏನೂ ಹೇಳುವ ಹಾಗಿಲ್ಲ ಅಂದೆ. ಬಿಚ್ಚಿತು. ನೆಟ್ಟಗೆ. ಮುಂದಿನದೂ ನೆಟ್ಟಗೆ. ಮೂರನೆಯದರ ರೆಕ್ಕೆ ಹರಡಿ ಚಪ್ಪಟೆಯಾಯಿತು. ನಾನು ಮುಖ ತಿರುಗಿಸಿದೆ. ಭಾವ ಮಾತ್ರ ನೋಡುತ್ತಲೇ ಇದ್ದರು.

"ನೋಡು, ತುದಿ ಏಳ್ತಾ ಇದೆ."

ಎದ್ದಿತ್ತು. ಹೆಣ್ಣು. ಮರುದಿನ ಒಂದು ಗಂಡೂ ಸಿಕ್ಕಿತು. ಆದರೂ ಧೈರ್ಯವಿಲ್ಲ, ಅತಿಥಿಗಳ ಜೊತೆ ಬೆರೆತು ಹುಟ್ಟಿದ್ದರೆ ಸುರುಳಿಯ ಜೀನ್ ಮಾತ್ರ ಬಂದು ಕೆಟ್ಟ ಜೀನ್ ಕಳೆದುಹೋಗಿರಲೂಬಹುದು. ಎರಡನ್ನೂ ಜೊತೆ ಹಾಕಿ ಮೊಟ್ಟೆಗೆ ಕಾದೆ. ಪತ್ರಕ್ಕೆ ಸಹಿ ಹಾಕಲು ಕರೆ ಬರುತ್ತಲೇ ಇತ್ತು, ನಾನು ಏನೇನೋ ನೆಪ ಹೇಳಿ ದಾಟಿಸಿದೆ. ಆ ದಿನಗಳಲ್ಲಿ ಅಕ್ಕನ ಮನೆಯಲ್ಲೇ ಉಂಡೆ. ಭಾವ ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಬಡಿಸಿದರು.

ಮೊಟ್ಟೆ ಸಿಕ್ಕ ಮೇಲೆ ನಿರ್ದೇಶಕರಿಗೆ ನಡೆದದ್ದೆಲ್ಲ ಹೇಳಿ ಇನ್ನೊಂದು ಪರೀಕ್ಷೆ ಕೇಳಿದೆವು. ಎರಡನೇ ಸಲ ಹೆಸರು ಮುಚ್ಚಿದ್ದು ಅವರೇ. ಮೊದಲ ಸ್ಲೈಡನ್ನು ಇಟ್ಟು ಕಣ್ಣು ಹಚ್ಚಿದೆ. ಒಂದು ಭ್ರೂಣ ಸರಿ, ಇನ್ನೊಂದು ಸರಿ. ಅದರ ಪಕ್ಕದ್ದರಲ್ಲಿ ಎಳೆ ಹೊರಟಿತ್ತು, ನಡುದಾರಿಯಲ್ಲಿ ನಿಂತಿತ್ತು, ಬೆನ್ನಿನ ಕಡೆಗೆ ಹೊರಳಿತ್ತು.

"ಇದು," ಅಂದೆ. ನಿರ್ದೇಶಕರು ಮುಚ್ಚಿದ್ದ ಪಟ್ಟಿ ಕಿತ್ತು ನೋಡಿ, ತಲೆಯಾಡಿಸಿದರು. ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ನಾನು ಕುರ್ಚಿ ಬಿಟ್ಟು ಭಾವನನ್ನು ಕೂರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಪಾಪ, ಮುಟ್ಟಲೇ ಇಲ್ಲವಲ್ಲ," ಅಂದರು.

ಆ ನರಕ್ಕಾಗಿ ಮರುಗಿದವರು ಅವರೊಬ್ಬರೇ. ನನಗೆ ನಾಚಿಕೆಯಾಯಿತು. ಅವರ ಸುಟ್ಟ ಅಂಗೈ ಮೇಜಿನ ಮೇಲಿತ್ತು. ಅದರ ಮೇಲೆ ನನ್ನ ಕೈ ಇಟ್ಟೆ.