ಲೀವೆಯ ಏಣಿ

ಬೇಸೆಮ್ ಓಣಿಯಲ್ಲಿ ಲೀವೆ ಏಣಿ ಹೊತ್ತು ಬಂದರೆ ಮೊದಲೆಲ್ಲ ಜನ ಖುಷಿಪಡುತ್ತಿದ್ದರು. ಅಂಗಡಿಗಳ ಹೆಸರಿನ ಹಲಗೆ ಬರೆಯುವವನು ಅವನೊಬ್ಬನೇ. ಬೂಟು ಹೊಲಿಯುವವನಿಗೆ, ಹಳೆ ಪುಸ್ತಕದವನಿಗೆ, ಟೋಪಿ ಮಾಡುವ ಯೋರೀನ್‌ಗೆ, ಎಲ್ಲರಿಗೂ ಅವನೇ ಬರೆದದ್ದು. ಆ ಚೆಂದ ನೋಡಲೆಂದೇ ಆಮ್‌ಸ್ಟರ್‌ಡ್ಯಾಮಿನ ಮೂಲೆಮೂಲೆಯಿಂದ ಜನ ಸೈಕಲ್ ತುಳಿದು ಬಂದರು. ಅವರ ಹಿಂದೆ ಪ್ರವಾಸಿಗರು ಬಂದರು, ಪ್ರವಾಸಿಗರ ಹಿಂದೆ ದೊಡ್ಡ ಕಂಪನಿಗಳು ಬಂದವು. ಬೆಲ್ಲ ಇದ್ದಲ್ಲಿ ಇರುವೆ ಬರುವುದು ಹೊಸದಲ್ಲ. ಈ ಇರುವೆಗಳು ಡಬ್ಬಿಯನ್ನೇ ಹೊತ್ತೊಯ್ಯುತ್ತವೆ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಈಗ ಯಾವುದಾದರೂ ಅಂಗಡಿಯ ಗಾಜಿಗೆ ಒಳಗಿನಿಂದ ಕಂದು ಕಾಗದ ಅಂಟಿಕೊಂಡರೆ ಓಣಿಯವರು ದನಿ ತಗ್ಗಿಸುತ್ತಾರೆ. ಕೆಲವು ದಿನ ಕಾಗದ, ಆಮೇಲೆ ಲೀವೆಯ ಏಣಿ, ಆಮೇಲೆ 'ಫೆಮ್ಮಿ ಅಜ್ಜಿಯ ಬಿಸ್ಕತ್ತು', ಇಲ್ಲವೇ 'ಫೆಮ್ಮಿ ಅಜ್ಜಿಯ ಸಾಬೂನು'. ಅಂಥ ಅಜ್ಜಿ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ನೂರು ವರ್ಷದ ಹಳೆಯ ಹಲಗೆಯಂತೆ, ಬಣ್ಣ ಮಾಸಿದಂತೆ ಬರೆದುಕೊಡಿ ಎಂದು ಕಂಪನಿ ಕೇಳುತ್ತಿತ್ತು. ಲೀವೆ ಬರೆದುಕೊಡುತ್ತಿದ್ದ. ನಾನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡು ಮಲಗುತ್ತಿದ್ದ.

ಆ ಸೋಮವಾರ ಅವನು ಎಂದಿನಂತೆ ಕಾಫಿಗೆ ಆಲ್ಕೆಯ ಅಂಗಡಿಗೆ ಹೋದ. ಆಲ್ಕೆ ಮಾರುವುದು ಜ್ಯೇಷ್ಠಮಧುವಿನ ಕರಿ ಮಿಠಾಯಿ. ಉಪ್ಪಿನದು, ಸಿಹಿಯದು, ನಾಲಿಗೆ ಸುಡುವಂಥದು, ಎಲ್ಲ ಗಾಜಿನ ಭರಣಿಗಳಲ್ಲಿ. ಅಜ್ಜನ ಕಾಲದ ತಕ್ಕಡಿಯಲ್ಲೇ ತೂಗಿ ಕೊಡುತ್ತಾಳೆ. ಟೋಪಿಯ ಯೋರೀನ್ ಆಗಲೇ ಕಟ್ಟೆಗೆ ಒರಗಿ ನಿಂತಿದ್ದಳು.

"ಬಂದ್ಯಾ? ಏಣಿ ಎಲ್ಲಿ?" ಎಂದಳು ಯೋರೀನ್. "ಅದು ಕಂಡ್ರೆ ಹೆಣದ ಪೆಟ್ಟಿಗೆ ಕಂಡಂಗಾಗತ್ತೆ ಕಣೋ ನಂಗೆ."

"ಬಿಡೇ ಅವನನ್ನ, ಹೊಟ್ಟೆಪಾಡು," ಎನ್ನುತ್ತ ಆಲ್ಕೆ ಕಾಫಿ ಬಗ್ಗಿಸಿ, ಡಬ್ಬಿಯಿಂದ ಒಬ್ಬೊಬ್ಬರಿಗೆ ಒಂದೇ ಒಂದು ಬಿಸ್ಕತ್ತು ತೆಗೆದುಕೊಟ್ಟು ಮುಚ್ಚಳ ಹಾಕಿದಳು.

"ಎರಡನೇದು ಕೇಳಿದ್ರೆ ಪೊಲೀಸರನ್ನ ಕರೀತೀಯಾ?" ಎಂದ ಲೀವೆ.

"ನಮ್ಮಮ್ಮನೂ ಕೊಟ್ಟಿಲ್ಲ, ನಾನೂ ಕೊಡಲ್ಲ." ಆಲ್ಕೆಯ ನಗು ಅಲ್ಲಿಗೇ ನಿಂತಿತು. "ರುಟ್ಗರ್ ಬಂದಿದ್ದ ಕಣೋ. ಅಡಿಪಾಯ ಕೊಳೀತಾ ಇದೆಯಂತೆ. ಶುಕ್ರವಾರ ಕಾಗದ ತರ್ತಾನೆ, ಸಹಿ ಹಾಕಿ ಖಾಲಿ ಮಾಡ್ಬೇಕಂತೆ. ರಿಪೇರಿ ಮುಗಿದ್ಮೇಲೆ ಬೇಸಿಗೇಲಿ ವಾಪಸ್ ಬನ್ನಿ ಅಂದ."

ಯಾರೂ ಸಂಶಯಪಡಲಿಲ್ಲ. ಆ ಊರಿನ ಹಳೆ ಮನೆಗಳೆಲ್ಲ ಕೆಸರಲ್ಲಿ ಹೂತ ಮರದ ಕಂಬಗಳ ಮೇಲೆ ನಿಂತಂಥವು. ಕಂಬ ಕೊಳೆಯಿತು ಅಂದರೆ ಎಂಥ ಗಟ್ಟಿಗನೂ ಸಹಿ ಹಾಕುತ್ತಾನೆ. ಮನೆ ಕುಸಿಯುವ ಭಯ ಅಲ್ಲಿಯವರ ರಕ್ತದಲ್ಲೇ ಇದೆ.

ರುಟ್ಗರ್ ಎಂದರೆ ಓಣಿಯ ಅರ್ಧದಷ್ಟು ಕಟ್ಟಡಗಳ ಮಾಲೀಕನ ಪರವಾಗಿ ಓಡಾಡುವವನು. ಬಾಡಿಗೆ, ರಿಪೇರಿ, ಹೊಸ ಹಲಗೆ ಎಲ್ಲ ಅವನದೇ ಉಸ್ತುವಾರಿ. ಅದೇ ಸಂಜೆ ಅವನು ಲೀವೆಯ ಕೈಗೆ ಹಲಗೆಯ ನಕ್ಷೆಗಳ ದಪ್ಪ ಸುರುಳಿಯೊಂದನ್ನು ಕೊಟ್ಟ. "ಈ ವರ್ಷದ ಕೆಲಸ ಪೂರ್ತಿ ಇದರಲ್ಲಿದೆ. ಮೇಲಿನ ನಕ್ಷೆಯಿಂದ ಶುರು ಮಾಡಿ," ಎಂದ.

ಲೀವೆಯ ಪದ್ಧತಿ ಹಳೆಯದು. ನಕ್ಷೆಯ ಅಕ್ಷರಗಳ ಅಂಚಿನುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಕಾಗದವನ್ನು ಹಲಗೆಗೆ ಹಿಡಿದು, ಸೀಮೆಸುಣ್ಣದ ಪುಡಿಯ ಗಂಟಿನಿಂದ ತಟ್ಟುವುದು. ಕಾಗದ ತೆಗೆದರೆ ರಂಗೋಲಿಯ ಅಚ್ಚಿನಂತೆ ಬಿಳಿ ಚುಕ್ಕೆಗಳು. ಅದರ ಮೇಲೆ ಬಣ್ಣ. ಮರುದಿನ ಮನೆಯಲ್ಲಿ ಕೂತು 'ಫೆಮ್ಮಿ ಅಜ್ಜಿಯ ಬಿಸ್ಕತ್ತು' ಎಂದು ಚುಚ್ಚುತ್ತ ಹೋದವನ ಕೈ ಎಡತುದಿಗೆ ಬಂದಾಗ ನಿಂತಿತು. ನಕ್ಷೆಯಲ್ಲಿ ಹಲಗೆಯ ಅಂಚಿಗೆ ಅರ್ಧಚಂದ್ರದ ಕಚ್ಚು ಬಿಡಿಸಿತ್ತು. ಮಳೆನೀರಿನ ಕೊಳವೆಗೆ ಜಾಗ ಬಿಡಲೆಂದು ಆ ಕಚ್ಚನ್ನು ಕೊಯ್ದವನು ಅವನೇ. ಓಣಿಯಲ್ಲಿ ಅಂಥ ಹಲಗೆ ಇರುವುದು ಆಲ್ಕೆಯ ಅಂಗಡಿಗೆ ಮಾತ್ರ.

ನೇರ ರುಟ್ಗರ್ ಹತ್ತಿರ ಹೋಗಿ ನಕ್ಷೆ ಮುಂದಿಟ್ಟ. ರುಟ್ಗರ್ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಕೂತ್ಕೊಳ್ಳಿ. ಮೊದಲು ಈ ಓಣಿ ಹೇಗಿತ್ತು ಹೇಳಿ? ಕತ್ತಲಾದ್ರೆ ಹೆಂಗಸರು ಕಾಲಿಡ್ತಿದ್ರಾ? ದೀಪ ಬಂತು, ಜನ ಬಂದ್ರು. ಆಲ್ಕೆಯವರಿಗೂ ಒಳ್ಳೆ ಪರಿಹಾರ ಕೊಡ್ತೀವಿ. ಕರಿ ಮಿಠಾಯಿ ಈಗ ಯಾರು ತಿಂತಾರೆ ಮಾರಾಯ್ರೆ?"

"ಹಾಗಾದ್ರೆ ಅದನ್ನೇ ಅವಳಿಗೆ ಹೇಳಿ. ಕಂಬ ಕೊಳೀತು ಅಂತ ಸುಳ್ಳು ಯಾಕೆ?"

"ಕಾನೂನು ಬಾಡಿಗೆದಾರರ ಕಡೆ ಇದೆ. ಅವರಾಗೇ ಸಹಿ ಹಾಕದೆ ಎಬ್ಬಿಸೋಕಾಗಲ್ಲ." ರುಟ್ಗರ್ ಮೆಲ್ಲಗೆ ನಕ್ಕ. "ನೀವು ಬಣ್ಣದವರು, ಬಣ್ಣ ಹಚ್ಚಿ. ಬೇಡ ಅಂದ್ರೆ ಯಂತ್ರದಲ್ಲಿ ಕೊಯ್ದ ಅಕ್ಷರ ಅಂಟಿಸ್ತೀವಿ. ಆಮೇಲೆ ಈ ಓಣೀಲಿ ನಿಮಗೆ ಕೆಲಸ ಇರಲ್ಲ, ಅಷ್ಟೆ."

ಅದು ಬರೀ ಬೆದರಿಕೆಯಲ್ಲ, ನಿಜವೇ. ಲೀವೆ ತಲೆ ತಗ್ಗಿಸಿ ಹೊರಬಂದ. ಓಣಿಯುದ್ದಕ್ಕೂ ತಾನೇ ಬರೆದ ಹಲಗೆಗಳು. ಹೊಸದು ಯಾವುದು, ಹಳೆಯದು ಯಾವುದು ಎಂದು ದಾರಿಹೋಕರಿಗೆ ತಿಳಿಯುವಂತಿರಲಿಲ್ಲ. ಹಾಗೆ ತಿಳಿಯದಂತೆ ಮಾಡಿದ್ದು ತನ್ನ ಕೈಚಳಕವೇ ಎಂದು ಅವನಿಗೆ ನಾಚಿಕೆಯಾಯಿತು. ಎರಡು ದಿನ ಆಲ್ಕೆಯ ಕಾಫಿಗೆ ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಓಣಿ ತುಂಬ ಜನವಿದ್ದಾಗ ಅವನು ಆಲ್ಕೆಯ ಅಂಗಡಿಯ ಮುಂದೆ ಏಣಿ ನಿಲ್ಲಿಸಿದ. ಗಾಜಿನ ಒಳಗೆ ಭರಣಿಗಳು ಅರ್ಧ ಖಾಲಿಯಾಗಿದ್ದವು. ಪೆಟ್ಟಿಗೆಗಳು ಬಾಯಿ ತೆರೆದು ಕೂತಿದ್ದವು. ಏಣಿ ಕಂಡದ್ದೇ ಬೂಟಿನವನು ಹೊರಗೆ ಬಂದ, ಯೋರೀನ್ ಬಂದಳು.

ಆಲ್ಕೆ ಬಾಗಿಲಿಗೆ ಬಂದಳು. "ಏನೋ ಇದು? ನಾನಿನ್ನೂ ಸತ್ತಿಲ್ಲ ಕಣೋ."

ಲೀವೆ ಏಣಿ ಹತ್ತಿದ. ಕಾಗದವನ್ನು ಅವಳ ನೀಲಿ ಹಲಗೆಗೆ ಹಿಡಿದ. ಕಚ್ಚಿಗೆ ಕಚ್ಚು ಸರಿಯಾಗಿ ಕೂತಿತು. ಈ ತುದಿಯಿಂದ ಆ ತುದಿಯವರೆಗೆ ಸುಣ್ಣದ ಗಂಟಿನಿಂದ ತಟ್ಟಿ, ಕಾಗದ ಎಳೆದ. ಆಲ್ಕೆಯ ಹೆಸರಿನ ಮೇಲೆ ಬಿಳಿ ಚುಕ್ಕೆಗಳಲ್ಲಿ ಫೆಮ್ಮಿ ಅಜ್ಜಿ ಎದ್ದು ಕೂತಿದ್ದಳು.

"ಕಂಬ ಕೊಳೆತಿಲ್ಲ ಆಲ್ಕೆ," ಎಂದ ಲೀವೆ. "ಬೇಸಿಗೇಲಿ ನೀನು ವಾಪಸ್ ಬರಲ್ಲ. ಇದನ್ನ ಬರೆಯೋಕೆ ನಂಗೆ ಸೋಮವಾರವೇ ಕೊಟ್ರು."

ಆಲ್ಕೆ ಬೀದಿಗಿಳಿದು ತಲೆಯೆತ್ತಿ ಹಲಗೆ ನೋಡಿದಳು. ಅಷ್ಟರಲ್ಲಿ ರುಟ್ಗರ್ ಚರ್ಮದ ಚೀಲ ಹಿಡಿದು ಬಂದ. ಹಲಗೆ ನೋಡಿ ನಿಂತುಬಿಟ್ಟ.

"ಬನ್ನಿ, ಕಾಫಿ ಆಗಿದೆ, ಕುಡ್ಕೊಂಡು ಹೋಗಿ," ಎಂದಳು ಆಲ್ಕೆ. "ಪೆನ್ನು ಜೇಬಲ್ಲೇ ಇರಲಿ. ಬಿಸ್ಕತ್ತು ಮಾತ್ರ ಇಲ್ಲ."

ರುಟ್ಗರ್ ಒಳಗೆ ಬರಲಿಲ್ಲ. ಲೀವೆಯನ್ನೊಮ್ಮೆ ನೋಡಿ, ಫೋನ್ ಕಿವಿಗಿಟ್ಟು ಬಂದ ದಾರಿಯಲ್ಲೇ ಹೋದ. ಅವನು ಮತ್ತೆ ಬರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು.

ಲೀವೆ ಚುಕ್ಕೆ ಒರೆಸಲು ಬಟ್ಟೆ ತೆಗೆದ.

"ಇರಲಿ ಬಿಡು, ನಾಲ್ಕು ಜನ ನೋಡ್ಲಿ," ಎಂದಳು ಆಲ್ಕೆ. ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದೊಂದೇ ಭರಣಿ ಎತ್ತಿ ಮತ್ತೆ ಸಾಲಿಗಿಡತೊಡಗಿದಳು.

ಯೋರೀನ್ ಏಣಿಯ ಬುಡದಲ್ಲಿದ್ದ ಸುರುಳಿಯನ್ನೇ ನೋಡುತ್ತಿದ್ದಳು. ಅದಿನ್ನೂ ದಪ್ಪಗೇ ಇತ್ತು.

"ಲೀವೆ," ಎಂದಳು, ಈ ಸಲ ತಮಾಷೆಯಿಲ್ಲದೆ. "ಅದರಲ್ಲಿ ನಂದೂ ಇದೆಯೇನೋ?"

ಲೀವೆ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿ, ಏಣಿಯನ್ನು ಹೆಗಲಿಗೇರಿಸಿ, ರಸ್ತೆ ದಾಟಿ, ಅವಳ ಅಂಗಡಿಯ ಮುಂದೆ ನಿಲ್ಲಿಸಿದ.