ಅತ್ತೆಯ ಎಣ್ಣೆ ಕುಡಿದ ಅಲಗು

ಕಮ್ಮಾರನಿಗೆ ತನ್ನದೇ ಒಂದು ಮುದ್ರೆ ಬೇಕಾಗಿತ್ತು. ಇಷ್ಟು ವರ್ಷ ಅವನು ಬಡಿದ ಚಾಕುಗಳ ಮೇಲೆಲ್ಲ ಬಿದ್ದದ್ದು ಕೆಲಸ ಕಲಿಸಿದ ಮೇಸ್ತ್ರಿಯ ಮುದ್ರೆ. ಬೆವರು ಇವನದು, ಹೆಸರು ಅವನದು. ಸ್ವಂತ ಮುದ್ರೆ ಒತ್ತಬೇಕಾದರೆ ಬೌವಿ ಎಂಬ ದೊಡ್ಡ ಬೇಟೆಚಾಕುವಿನ ಅಲಗು ಮಾಡಿ ಮೇಸ್ತ್ರಿಯ ಕಣ್ಣೆದುರೇ ಪರೀಕ್ಷೆ ಕೊಡಬೇಕು. ತೂಗುಬಿಟ್ಟ ಹಗ್ಗ ಒಂದೇ ಏಟಿಗೆ ತುಂಡಾಗಬೇಕು, ಮರ ಕಡಿಯಬೇಕು, ಅಷ್ಟಾದ ಮೇಲೂ ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ಗೋಡೆಯ ಮೂಲೆಯಂತೆ ಲಂಬಕೋನಕ್ಕೆ ಬಗ್ಗಿಸಿದರೂ ಮುರಿಯಬಾರದು.

ಮೊಳದುದ್ದದ ಅಲಗನ್ನು ಅವನು ಅಡಿಗಲ್ಲಿನ ಮೇಲೆ ಬಡಿದು ಬಡಿದು ತಿದ್ದಿದ. ಅದು ಕುಲುಮೆಯಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿ, ಅಯಸ್ಕಾಂತಕ್ಕೂ ಅಂಟದ ಹದಕ್ಕೆ ಬಂದಾಗ ಇಕ್ಕಳದಲ್ಲಿ ಹಿಡಿದು ಎಣ್ಣೆಗೆ ಅದ್ದಲು ತಿರುಗಿದ. ನೋಡಿದರೆ ಡಬ್ಬ ತೂತಾಗಿ ಎಣ್ಣೆಯೆಲ್ಲ ನೆಲದ ಪಾಲು. ಕೈಯಲ್ಲಿ ಕೆಂಡದಂಥ ಅಲಗು, ಅದು ಕಾಯುತ್ತದೆಯೇ? ಕಿಟಕಿಯ ಬಳಿ ಅತ್ತೆ ತಲೆಗೆ ಹಚ್ಚುವ ಎಣ್ಣೆಯ ಡಬ್ಬ ಕಂಡಿತು. ಆ ಎಣ್ಣೆಯ ಮಹಿಮೆ ಸಾಮಾನ್ಯದ್ದಲ್ಲ. ಅದು ಸೋಕಿದ ಬಾಚಣಿಗೆಗೂ ಕೂದಲು ಹುಟ್ಟಿ, ಅತ್ತೆ ಆಗಾಗ ಅದಕ್ಕೆ ಕತ್ತರಿ ಆಡಿಸಬೇಕಾಗುತ್ತಿತ್ತು.

ಆದದ್ದಾಗಲಿ ಎಂದು ಅದ್ದಿಯೇಬಿಟ್ಟ. ಚುಂಯ್ ಎಂದಿತು. ಬಿರುಕಿಲ್ಲ, ಸೊಟ್ಟಾಗಿಲ್ಲ. ಒಲೆಯ ಮಂದ ಕಾವಿನಲ್ಲಿ ಹದ ಕೊಟ್ಟು, ಸಾಣೆ ಹಿಡಿದು, ಅತ್ತೆಗೆ ಮುಖ ತೋರಿಸದೆ ಮಲಗಿದ.

ಮರುದಿನ ಮೇಸ್ತ್ರಿ ಬಂದ. ಹಗ್ಗ ತುಂಡಾಯಿತು. ಮರವೂ ಎರಡು ಹೋಳಾಯಿತು. ಇನ್ನು ಕೂದಲು. ಕಮ್ಮಾರನ ಕೈ ಕಿಡಿ ತಾಗಿ ತಾಗಿ ಸೋರೆಕಾಯಿಯಂತೆ ನುಣ್ಣಗಾಗಿತ್ತು. ಹೆಂಡತಿಯ ತಮ್ಮನನ್ನು ಕರೆಸಿದ. ಆ ಭಾಮೈದನ ಕೈಗಳು ಕಂಬಳಿ ಹೊದ್ದೇ ಹುಟ್ಟಿದವು.

ಕಮ್ಮಾರ ಸರ್ರನೆ ಬೋಳಿಸಿದ. ಮೇಸ್ತ್ರಿ ಕನ್ನಡಕ ಒರೆಸಿ ಬಗ್ಗಿ ನೋಡಿದ.

"ಏನೋ ಇದು? ಒಂದ್ ಕೂದ್ಲೂ ಹೋಗಿಲ್ವಲ್ಲೋ!"

ನಿಜ. ಕೈ ಹಿಂದಿಗಿಂತ ಸೊಂಪಾಗಿತ್ತು. ಕಮ್ಮಾರ ಮತ್ತೆ ಬೋಳಿಸಿದ. ಮೇಸ್ತ್ರಿ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಬಂತು, ಈ ಸಲ ಗುಂಗುರಾಗಿ.

"ಭಾವ, ಇದು ಕ್ಷೌರಾನೋ ಬೇಸಾಯಾನೋ?" ಎಂದ ಭಾಮೈದ.

"ನೀನು ಬಾಯ್ಮುಚ್ಕೊಂಡು ಕೈ ನೆಟ್ಟಗಿಡೋ!" ಎಂದು ಕಮ್ಮಾರ ಮತ್ತೆ ಮತ್ತೆ ಬೋಳಿಸಿದ.

"ಕೂದ್ಲು ಬೋಳಿಸ್ದೆ ಬಗ್ಗಿಸೋ ಪರೀಕ್ಷೆ ಇಲ್ಲ. ನಾನು ಹೊರಟೆ," ಎಂದು ಮೇಸ್ತ್ರಿ ಎದ್ದ. ಕಮ್ಮಾರನ ಮುಖ ಇದ್ದಿಲಾಯಿತು. ವರ್ಷಗಳ ಆಸೆ ಬಾಗಿಲು ದಾಟಿ ಹೋಗುತ್ತಿತ್ತು.

ಅಷ್ಟರಲ್ಲಿ ಅತ್ತೆ ಮೂಗು ಅರಳಿಸುತ್ತ ಒಳಗೆ ಬಂದಳು. "ಅಳಿಯಂದ್ರೇ, ಇದು ನನ್ನೆಣ್ಣೆ ವಾಸನೆ."

"ಅತ್ತೆ... ಅದು... ಅಲಗು ಕಾದಿತ್ತು..."

"ಬಾಯ್ಬಿಟ್ಟು ಕೇಳಿದ್ರೆ ನಾನೇ ಸುರೀತಿದ್ದೆ." ಅವಳು ಮೇಸ್ತ್ರಿಯತ್ತ ತಿರುಗಿದಳು. "ನೀವೇನ್ರೀ ಕೈನೇ ನೋಡ್ತಾ ನಿಂತಿದ್ದೀರ? ನೆಲ ನೋಡ್ರಿ!"

ಭಾಮೈದ ಮೀನಖಂಡದವರೆಗೆ ಕೂದಲಿನಲ್ಲಿ ಹೂತುಹೋಗಿದ್ದ. ಒಂದು ಹಾಸಿಗೆ ತುಂಬಿಸಿ ಎರಡು ದಿಂಬಿಗೂ ಸಾಲುವಷ್ಟಿತ್ತು.

"ಬೋಳಿಸ್ದೆ ಇದು ಆಕಾಶದಿಂದ ಉದುರ್ತಾ?"

ಮೇಸ್ತ್ರಿ ಒಂದು ಹಿಡಿ ಎತ್ತಿ ನೋಡಿದ. ಪ್ರತಿ ಕೂದಲೂ ಬುಡದಲ್ಲಿ ನಾಜೂಕಾಗಿ ಕತ್ತರಿಸಿಹೋಗಿತ್ತು. "ಹೂಂ," ಎಂದ. "ವೈಸಿಗೆ ಬಿಗಿ."

ಕಮ್ಮಾರ ಅಲಗಿನ ತುದಿಯನ್ನು ವೈಸಿನ ಕಬ್ಬಿಣದ ದವಡೆಗೆ ಬಿಗಿದು, ಹಿಡಿಯ ಕಡೆಗೆ ಉದ್ದನೆಯ ಕೊಳವೆ ಸಿಕ್ಕಿಸಿ, ದೇಹದ ಭಾರವನ್ನೆಲ್ಲ ಹಾಕಿ ಎಳೆದ. ಅಲಗು ನರಳುತ್ತ ಬಗ್ಗಿತು, ಇನ್ನೂ ಬಗ್ಗಿತು, ಗೋಡೆಯ ಮೂಲೆಯಾಯಿತು. ಟಕ್ ಎನ್ನಲಿಲ್ಲ. ಮೇಸ್ತ್ರಿ ಅಂಚಿನುದ್ದಕ್ಕೂ ಉಗುರು ಎಳೆದ. ಎಲ್ಲೂ ಬಿರುಕಿಲ್ಲ.

"ಇವತ್ತಿಂದ ನಿನ್ ಮುದ್ರೆ ನಿಂದೇ ಕಣೋ."

ಕಮ್ಮಾರ ಅತ್ತೆಯ ಕಾಲಿಗೆ ಬಿದ್ದ. ಎದ್ದು ನೋಡಿದರೆ ಮೇಸ್ತ್ರಿ ಇನ್ನೂ ಹೋಗಿಲ್ಲ. ಅವನು ಬಾಗಿಲು ಹಾಕಿಕೊಂಡು ಬಂದು, ಅತ್ತಿತ್ತ ನೋಡಿ ಟೊಪ್ಪಿ ತೆಗೆದ. ನೆತ್ತಿ ಪಳಪಳ ಹೊಳೆಯಿತು.

"ಒಂದೇ ಒಂದ್ಸಲ ಆಡಿಸೋ. ಯಾರ್ಗೂ ಹೇಳ್ಬೇಡ."

ಬಗ್ಗಿದ ಅಲಗು ಆ ತಲೆಗೆ ಅಳತೆ ತೆಗೆದು ಮಾಡಿಸಿದಂತೆ ಕೂತಿತು.

ಸಂಜೆ ಮೇಸ್ತ್ರಿಯ ಹೆಂಡತಿ ಫೋನ್ ಮಾಡಿದಳು. "ನಮ್ಮನೆಯವ್ರು ಅಲ್ಲೇ ಇದ್ದಾರಾ? ಅವ್ರ ಅಂಗಿ ಹಾಕ್ಕೊಂಡು ಯಾವನೋ ಜಡೆಯವನು ಬಂದು ಬಾಗಿಲು ಬಡೀತಿದ್ದಾನೆ!"

"ಬಾಗಿಲು ತೆಗೀರಿ ಅಮ್ಮಾ," ಎಂದ ಕಮ್ಮಾರ, ಎದೆ ಉಬ್ಬಿಸಿ. "ಅದು ನಾನು ಸ್ವಂತವಾಗಿ ಮಾಡಿದ ಮೊದಲ್ನೇ ಕೆಲಸ."